ವರ್ಷಕ್ಕೆ ಹನ್ನೆರಡು ಸಾವಿರ

ಎಲ್ಲವನ್ನೂ ಬರೆದಿಡೋಣ ಎಂದವನು ಅಮರನಾಥನೇ. ಶ್ರಾವಣದ ಒಂದು ಸಂಜೆ ಡ್ಯೂಟಿ ಮುಗಿಸಿ ಬಂದವನು ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್ಕೊಂದನ್ನು ಹೊಲಿಗೆ ಮೆಷಿನ್ನಿನ ಮೇಲಿಟ್ಟ. ವಾಣಿಶ್ರೀ ಯಾರದೋ ರವಿಕೆಗೆ ಹುಕ್ಕು ಹಾಕುತ್ತಿದ್ದಳು. ತಲೆಯೆತ್ತಿ ಪುಸ್ತಕ ನೋಡಿದಳು, ಗಂಡನ ಮುಖ ನೋಡಲಿಲ್ಲ.

“ಎಷ್ಟೈತೆ ಅಂತ ಒಂದು ಸಲ ಗೊತ್ತಾಗ್ಲಿ ವಾಣಿ. ನಿಂಗೆ ಗೊತ್ತಿರೋದು ನೀನು ಹೇಳು, ನಂದು ನಾನು ಹೇಳ್ತೀನಿ.”

ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಕೊನೆಯ ಎರಡು ವರ್ಷ ಶ್ರೀನಿವಾಸಪುರದಿಂದ ಕೋಲಾರಕ್ಕೆ ಬಸ್ಸಿನಲ್ಲಿ ಓಡಾಡಿದ್ದೇ ಓಡಾಡಿದ್ದು. ಬೈಪಾಸಿನ ಹತ್ತಿರ ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುವ ಕ್ಲಿನಿಕ್ಕೊಂದಿತ್ತು. ಮೊದಲೆರಡು ಸಲ ಏನೂ ಆಗಲಿಲ್ಲ. ಮೂರನೆಯ ಸಲ ಗರ್ಭ ನಿಂತಿತು. ಹತ್ತನೇ ವಾರದಲ್ಲಿ ಹೋಯಿತು. ಹೋಗಿ ಇಪ್ಪತ್ತು ದಿನಕ್ಕೆ ಈ ನೋಟ್‌ಬುಕ್ಕು ಮನೆಗೆ ಬಂತು.

ಅಮರನಾಥ್ ಗೆರೆ ಎಳೆದು ಬರೆದ. ಬ್ಯಾಂಕಿನ ಪರ್ಸನಲ್ ಲೋನ್ ಮೂರು ಲಕ್ಷದ ಇಪ್ಪತ್ತು ಸಾವಿರ. ಒಡವೆ ಅಡವಿಟ್ಟದ್ದು ಒಂದು ಲಕ್ಷದ ಎಂಬತ್ತು. ಅವಳ ಹೆಸರಿನಲ್ಲಿ ಸಂಘದಿಂದ ತೆಗೆದದ್ದು ಅರವತ್ತು ಸಾವಿರ. ಯಲ್ದೂರಿನ ಅಣ್ಣ ಕೋದಂಡರಾಮಪ್ಪ ಕೊಟ್ಟದ್ದು ಒಂದು ಲಕ್ಷ. ಕೂಡಿದರೆ ಆರು ಲಕ್ಷದ ಅರವತ್ತು ಸಾವಿರ. ಅವನು ಲೈನ್‌ಮನ್, ಕಡಿತವೆಲ್ಲ ಕಳೆದು ಕೈಗೆ ಬರುತ್ತಿದ್ದದ್ದು ಮೂವತ್ತನಾಲ್ಕು ಸಾವಿರ. ಇವಳ ಹೊಲಿಗೆಯಿಂದ ಮದುವೆ ತಿಂಗಳಲ್ಲಿ ಎಂಟೊಂಬತ್ತು ಸಾವಿರ, ಆಷಾಢದಲ್ಲಿ ಎರಡೂ ಇಲ್ಲ.

“ಇನ್ನೇನಾದ್ರೂ ಐತಾ?”

“ಕ್ಲಿನಿಕ್ಕಿಂದ ಮೆಸೇಜು ಬಂದಿತ್ತು. ವರ್ಷಕ್ಕೆ ಹನ್ನೆರಡು ಸಾವಿರ ಕಟ್ಬೇಕಂತೆ.”

“ಯಾವುದಕ್ಕೆ?”

“ಅವೆರಡು ಇಟ್ಟವ್ರಲ್ಲ, ಅದಕ್ಕೆ.”

ಎರಡನೇ ಸಲದ ಚಿಕಿತ್ಸೆಯಲ್ಲಿ ಬಂದ ಭ್ರೂಣಗಳಲ್ಲಿ ಎರಡು ಉಳಿದಿದ್ದವು. ಅವನ್ನು ಶೀತದಲ್ಲಿ ಕಾಪಾಡಿ ಇಟ್ಟಿರುತ್ತಾರೆ, ಬೇಕೆಂದಾಗ ತೆಗೆದು ಒಳಗೆ ಬಿಡಬಹುದು ಎಂದು ಡಾಕ್ಟರು ವಿವರಿಸಿದ್ದರು. ಅಮರನಾಥ್ ಕೂಡಿದ ಮೊತ್ತದ ಕೆಳಗೆ ಪೆನ್ನಿಟ್ಟು ಎತ್ತಿದ. ಸಾಲದ ಪಟ್ಟಿಗೆ ಸೇರಿಸುವ ಹಾಗಿರಲಿಲ್ಲ. ಕೊನೆಗೆ ಪುಟ ತಿರುಗಿಸಿ, ಮನೆ ಬಾಡಿಗೆ ಐದು ಸಾವಿರ ಎಂದು ಬರೆದಿದ್ದ ಜಾಗದ ಕೆಳಗೆ, ಬಾಡಿಗೆಯ ಲೆಕ್ಕದಲ್ಲೇ ಅದನ್ನೂ ಬರೆದ.

“ಮೊದ್ಲು ಸಾಲ ತೀರ್ಲಿ. ಆಮೇಲೆ ನೋಡೋಣ,” ಎಂದ.

“ಹ್ಞೂಂ,” ಎಂದಳು ವಾಣಿಶ್ರೀ. ಹುಕ್ಕು ಹಾಕುವುದು ಇನ್ನೂ ನಾಲ್ಕು ಬಾಕಿಯಿತ್ತು.

ಅಂದಿನಿಂದ ದಿನಾ ಸಂಜೆ, ಕಾಫಿ ಕುಡಿದ ಮೇಲೆ, ಇಬ್ಬರೂ ಆ ಪುಸ್ತಕದ ಮುಂದೆ ಕೂರುವುದು ರೂಢಿಯಾಯಿತು. ಅವಳು ಹೇಳುವುದು, ಅವನು ಬರೆಯುವುದು. ಹಾಲು ಇಪ್ಪತ್ತೆರಡು. ಸೊಪ್ಪು ಹತ್ತು. ದಾರದ ಉಂಡೆ ಮೂವತ್ತು. ಅವನ ಬೈಕಿನ ಪೆಟ್ರೋಲು ನೂರು. ಊಟಕ್ಕೆ ಮುಂಚಿನ ಆ ಕಾಲು ಗಂಟೆ ಬಿಟ್ಟರೆ ಅವರ ನಡುವೆ ಬೇರೆ ಮಾತು ಕಡಿಮೆಯಾಗುತ್ತಾ ಬಂತು. ಜಗಳವೇನೂ ಇರಲಿಲ್ಲ. ಜಗಳಕ್ಕೂ ಒಂದು ಕಾವು ಬೇಕು, ಅದು ಇಬ್ಬರಲ್ಲೂ ಇರಲಿಲ್ಲ. ಅವನು ಸ್ನಾನ ಮಾಡುವಾಗ ಅವಳು ಮುದ್ದೆ ತಿರುವುತ್ತಿದ್ದಳು. ಅವನು ಉಣ್ಣುವಾಗ ಅವಳು ನಾಳೆಯ ಬಟ್ಟೆ ಕತ್ತರಿಸುತ್ತಿದ್ದಳು. ಎದುರು ಬದುರಾದರೆ ಒಬ್ಬರಿಗೊಬ್ಬರು ದಾರಿ ಬಿಡುತ್ತಿದ್ದರು, ಬಸ್ ಸ್ಟ್ಯಾಂಡಿನಲ್ಲಿ ಅಪರಿಚಿತರು ಬಿಡುವ ಹಾಗೆ.

ತಿಂಗಳ ಮೊದಲ ಭಾನುವಾರ ಮಾತ್ರ ಅರ್ಧ ಕೇಜಿ ಕೋಳಿ. ಕೇಬಲ್ ತೆಗೆಸಿದರು. ಯುಗಾದಿಗೆ ಅವನಿಗೊಂದು ಬನಿಯನ್ನು, ಇವಳಿಗೆ ಗಿರಾಕಿ ಬೇಡವೆಂದು ಬಿಟ್ಟುಹೋದ ಸೀರೆ. ಮುಳಬಾಗಿಲಿನ ಹತ್ತಿರ ದೇವರಾಯಸಮುದ್ರದಲ್ಲಿ ಅವಳ ತವರು. ವರ್ಷಕ್ಕೆ ನಾಲ್ಕು ಸಲ ಹೋಗುತ್ತಿದ್ದವಳು ಒಂದು ಸಲಕ್ಕೆ ಇಳಿಸಿದಳು. ಹೋದರೆ ಅಕ್ಕ ವೆಂಕಟಲಕ್ಷ್ಮಿ, “ಏನಾದ್ರೂ ವಿಶೇಷ ಐತೇನೇ?” ಎಂದು ಕೇಳುತ್ತಿದ್ದಳು. ಬಸ್ ಚಾರ್ಜಿನ ಜೊತೆಗೆ ಆ ಪ್ರಶ್ನೆಯೂ ಉಳಿಯಿತು.

ಒಂದು ದಿನ ಅವನು ಪುಸ್ತಕದಲ್ಲಿ ತಾನೇ ಬರೆದ: ಬಿರಿಯಾನಿ, ನೂರ ನಲವತ್ತು.

“ಕೋಲಾರದಲ್ಲಿ ಮೀಟಿಂಗ್ ಇತ್ತು. ಒಬ್ನೇ ಹೋಗಿ ತಿಂದೆ,” ಎಂದ, ತಪ್ಪೊಪ್ಪಿಕೊಳ್ಳುವವನಂತೆ ತಲೆ ತಗ್ಗಿಸಿ.

ಹಳೆಯ ವಾಣಿಶ್ರೀಯಾಗಿದ್ದರೆ ನನಗೊಂದು ಪಾರ್ಸಲ್ ತರೋಕೇನಾಗಿತ್ತು ಎಂದು ಒಂದು ವಾರ ಹಂಗಿಸುತ್ತಿದ್ದಳು. ಈಗ ತನ್ನೊಳಗೆ ಸಿಟ್ಟಿಗಾಗಿ ಹುಡುಕಿದಳು. ಸಿಗಲಿಲ್ಲ. “ಬರ್ಕೊಳ್ಳಿ, ಮತ್ತೆ ಬ್ಲೌಸ್ ಪೀಸು ಲೈನಿಂಗು ಎಂಬತ್ತು,” ಎಂದಳು. ಅವನು ಅದನ್ನೂ ಬರೆದ.

ಎದುರು ಮನೆಯ ಶ್ವೇತಳಿಗೆ ಹೆಣ್ಣು ಮಗುವಾಯಿತು. ಶ್ವೇತಳ ಗಂಡ ಮಾಲೂರಿನ ಫ್ಯಾಕ್ಟರಿಯಲ್ಲಿ ಶಿಫ್ಟು. ಮನೆಯಲ್ಲಿ ಒಬ್ಬಳೇ ಇರುತ್ತಿದ್ದ ಆ ಹುಡುಗಿ ಏಳು ತಿಂಗಳು ವಾಣಿಶ್ರೀಯ ಮೆಷಿನ್ನಿನ ಪಕ್ಕದಲ್ಲೇ ಕೂತು ಬಸುರಿನ ಕತೆ ಹೇಳಿದ್ದಳು. ನಾಮಕರಣಕ್ಕೆ ಕವರಿನಲ್ಲಿ ಮುನ್ನೂರು ಹಾಕಬೇಕೋ ಇನ್ನೂರು ಸಾಕೋ ಎಂಬ ಮಾತು ಬಂತು. ವಾಣಿಶ್ರೀ ಉಳಿದಿದ್ದ ಹಳದಿ ಬಟ್ಟೆಯಲ್ಲಿ ಫ್ರಾಕೊಂದನ್ನು ಹೊಲಿದಳು. ಅಳತೆ ತೆಗೆಯಲು ಮಗುವಿನ ಎದೆಯ ಸುತ್ತ ಟೇಪು ಹಿಡಿದಳು: ಹದಿನಾಲ್ಕೂವರೆ ಇಂಚು. ಆ ಪುಟ್ಟ ಎದೆ ಟೇಪಿನ ಕೆಳಗೆ ಏರಿ ಇಳಿಯಿತು. ಏನಾದರೂ ಆಗುತ್ತದೆ, ಈಗ ಅಳು ಬರುತ್ತದೆ ಎಂದು ಕಾದಳು. ಏನೂ ಆಗಲಿಲ್ಲ. ಹದಿನಾಲ್ಕೂವರೆ ಎಂದು ಚೀಟಿಯಲ್ಲಿ ಬರೆದುಕೊಂಡು ಟೇಪು ಸುತ್ತಿದಳು. ಆ ಸಂಜೆ ಉಡುಗೊರೆಯ ಖರ್ಚು ಸೊನ್ನೆ ಎಂದು ಹೇಳಿದಳು.

ಹೀಗೆ ವರ್ಷಗಳು ಹೋದವು. ಮೊದಲು ಸಂಘದ ಸಾಲ ತೀರಿತು. ಎರಡನೇ ವರ್ಷ ಬಳೆಗಳು ಮನೆಗೆ ಬಂದವು, ಮೂರನೇ ವರ್ಷ ಸರ. ಬ್ಯಾಂಕಿನ ಕಂತು ಒಂದೂ ತಪ್ಪಲಿಲ್ಲ. ಪ್ರತಿ ಆಗಸ್ಟಿನಲ್ಲಿ ಕ್ಲಿನಿಕ್ಕಿನಿಂದ ಮೆಸೇಜು ಬರುತ್ತಿತ್ತು. ಅಮರನಾಥ್ ಏನೂ ಕೇಳದೆ ಮೊಬೈಲಿನಲ್ಲೇ ಹಣ ಕಳಿಸಿ, ಬಾಡಿಗೆಯ ಲೆಕ್ಕಕ್ಕೆ ಹನ್ನೆರಡು ಸಾವಿರ ಬರೆಯುತ್ತಿದ್ದ. ಒಂದು ಮೊಟ್ಟೆಗೂ ಯೋಚಿಸುವ ಮನುಷ್ಯ ಅಷ್ಟು ದುಡ್ಡು ಕಟ್ಟುವಾಗ ಉಸಿರೂ ಎತ್ತುವುದಿಲ್ಲವಲ್ಲ ಎಂದು ವಾಣಿಶ್ರೀ ಗಮನಿಸಿದ್ದಳು. ಅವನಿಗೆ ಆಸೆಯಿದೆ, ಬಾಯಿಬಿಟ್ಟು ಹೇಳುತ್ತಿಲ್ಲ, ಸಾಲ ತೀರಿದ ದಿನ ಕೇಳುತ್ತಾನೆ ಎಂದು ಲೆಕ್ಕ ಹಾಕಿಕೊಂಡಿದ್ದಳು. ಕೇಳಿದರೆ ಹೋಗುವುದು, ಮಲಗು ಎಂದರೆ ಮಲಗುವುದು. ಅದರಾಚೆಗೆ ಯೋಚನೆ ಹರಿಯುತ್ತಿರಲಿಲ್ಲ.

ಕೊನೆಗೆ ಉಳಿದದ್ದು ಕೋದಂಡರಾಮಪ್ಪನ ಒಂದು ಲಕ್ಷ. ಅದನ್ನು ಸ್ವಲ್ಪ ಸ್ವಲ್ಪವೇ ಕೊಟ್ಟು, ನಾಲ್ಕನೇ ವರ್ಷದ ಜೂನಿನಲ್ಲಿ ಕಡೆಯ ಹದಿನೆಂಟು ಸಾವಿರ ತೆಗೆದುಕೊಂಡು ಇಬ್ಬರೂ ಬೈಕಿನಲ್ಲಿ ಯಲ್ದೂರಿಗೆ ಹೋದರು. ತೋತಾಪುರಿ ಕೊಯ್ಲು ನಡೆಯುತ್ತಿತ್ತು. ಕೋದಂಡರಾಮಪ್ಪ ಮರದ ಕೆಳಗೆ ಕಾಯಿ ವಿಂಗಡಿಸುತ್ತಿದ್ದವನು ಪಂಚೆಗೆ ಕೈ ಒರೆಸಿಕೊಂಡು ಎದ್ದ.

“ಏಮಿರಾ, ಇಷ್ಟೊಂದು ಅರ್ಜೆಂಟೇನಿತ್ತು? ನಾನೇನು ಕೇಳಿದ್ನಾ?”

“ಇರ್ಲಿ ತಗೊಳಣ್ಣ. ಇದೇ ಕೊನೇದು.”

“ಎಲ್ಲಾ ತೀರ್ತಾ?”

“ತೀರ್ತು.”

ಕೋದಂಡರಾಮಪ್ಪ ಹಣವನ್ನು ಎಣಿಸದೆ ಜೇಬಿಗಿಟ್ಟುಕೊಂಡ. ಒಳ್ಳೆಯ ಮನುಷ್ಯ, ಒಳ್ಳೆಯ ಮಾತಾಡಬೇಕು ಎಂದೇ ಬಾಯಿ ತೆರೆದ. “ಹಂಗಾದ್ರೆ ಇನ್ನೊಂದು ಸಲ ನೋಡ್ಬೋದಲ್ಲೋ. ಅದೇನೋ ಎರಡು ಇಟ್ಟವ್ರೆ ಅಂತಿದ್ದೆ. ದುಡ್ಡು ಬೇಕಂದ್ರೆ ಈ ಸಲ ಕಾಯಿಗೆ ರೇಟು ಪರವಾಗಿಲ್ಲ, ನಾನು ಕೊಡ್ತೀನಿ. ಏನಮ್ಮಾ?”

ಕೊನೆಯ ಮಾತು ವಾಣಿಶ್ರೀಗೆ. ಅವಳು ಗಂಡನ ಕಡೆ ನೋಡಿದಳು. ಅವನು ರಾಶಿಯಲ್ಲಿದ್ದ ಕಾಯಿಯೊಂದನ್ನು ಎತ್ತಿ ತಿರುಗಿಸಿ ನೋಡುತ್ತಿದ್ದ, ಅದರಲ್ಲೇನೋ ಬರೆದಿರುವ ಹಾಗೆ.

“ನೋಡೋಣ ಬಾವ,” ಎಂದಳು ಅವಳೇ.

ವಾಪಸು ಬರುವಾಗ ಮಡಿಲಲ್ಲಿ ಅರ್ಧ ಮೂಟೆ ಮಾವಿನಕಾಯಿ. ಆರು ಲಕ್ಷದ ಅರವತ್ತು ಸಾವಿರ, ಬಡ್ಡಿ ಸೇರಿ ಎಂಟು ಲಕ್ಷದ ಹತ್ತಿರ, ಇಬ್ಬರೇ ಕೂಡಿ ತೀರಿಸಿದ್ದರು. ಹಗುರಾಗಬೇಕಿತ್ತು. ಬೈಕಿನ ಹಿಂದೆ ಕೂತ ವಾಣಿಶ್ರೀಗೆ ಹಾಗಾಗಲಿಲ್ಲ. ಇಷ್ಟು ದಿನ ಯಾರು ಕೇಳಿದರೂ ಸಾಲ ತೀರಲಿ ಎಂದು ಹೇಳಬಹುದಿತ್ತು. ತನಗೆ ತಾನೂ ಹೇಳಿಕೊಳ್ಳಬಹುದಿತ್ತು. ಆ ಮಾತಿನ ಹಿಂದೆ ನಾಲ್ಕು ವರ್ಷ ಇಬ್ಬರೂ ಬಾಗಿಲು ಹಾಕಿಕೊಂಡು ಕೂತಿದ್ದರೆಂದು ಅವಳಿಗೆ ಯಲ್ದೂರಿನ ಗೇಟು ದಾಟುವಾಗ ಹೊಳೆಯಿತು. ಈಗ ಬಾಗಿಲು ತಾನಾಗಿ ತೆರೆದಿತ್ತು.

ಜುಲೈ ಕೊನೆಗೆ ಕ್ಲಿನಿಕ್ಕಿನಿಂದ ಫೋನೇ ಬಂತು.

“ಮೇಡಂ, ಈ ವರ್ಷದಿಂದ ಹದಿನೈದು ಸಾವಿರ ಆಗಿದೆ. ಜೊತೆಗೆ ಇಬ್ರೂ ಬಂದು ಹೊಸ ಫಾರಂಗೆ ಸೈನ್ ಹಾಕ್ಬೇಕು. ಮುಂದುವರಿಸ್ತೀರಾ, ಟ್ರಾನ್ಸ್‌ಫರ್ ಮಾಡಿಸಿ ಒಳಗೆ ಬಿಡಿಸ್ಕೋತೀರಾ, ಇಲ್ಲಾ ನಿಲ್ಲಿಸ್ತೀರಾ ಅಂತ ಹೇಳ್ಬೇಕು. ನಿಮಗೀಗ ನಲವತ್ತೊಂದು ಅಲ್ವಾ? ಡಾಕ್ಟರನ್ನ ಒಂದು ಸಲ ನೋಡಿದ್ರೆ ಒಳ್ಳೇದು.”

ಸಂಜೆ ಲೆಕ್ಕ ಬರೆಯುವಾಗ ಅವಳು ಅದನ್ನು ಸೊಪ್ಪಿಗೂ ಹಾಲಿಗೂ ನಡುವೆ ಹೇಳಿದಳು. ಅಮರನಾಥ್ ಪೆನ್ನು ನಿಲ್ಲಿಸಿದ.

“ನೀನೇನಂತೀಯ?”

“ನೀವು ಹೇಳಿ.”

“ನಂದೇನೈತೆ. ನೀನು ಹೇಳಿದ ಹಂಗೆ.”

“ನೀವು ಹೇಳಿದ ಹಂಗೇ ಆಗ್ಲಿ.”

ಅಲ್ಲಿಗೆ ನಿಂತಿತು. ಮರುದಿನವೂ ಅದೇ. ಒಂದು ವಾರ ಹಾಲು, ಸೊಪ್ಪು, ಪೆಟ್ರೋಲು ಎಲ್ಲ ಬರೆದರು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಎಂಟನೇ ದಿನ ಅಮರನಾಥ್, “ಮಂಗಳವಾರ ರಜಾ ಹಾಕಿದೀನಿ. ಹೋಗಿ ಬರೋಣ,” ಎಂದ. ಯಾವುದಕ್ಕೆ ಹೋಗಿ ಬರುವುದು ಎಂದು ಅವಳು ಕೇಳಲಿಲ್ಲ. ಮಾಡಿಸುವುದಕ್ಕೇ ಇರಬೇಕು ಎಂದುಕೊಂಡಳು. ಹಳೆಯ ರಿಪೋರ್ಟುಗಳ ಫೈಲು ಧೂಳು ಕೊಡವಿ ಬ್ಯಾಗಿಗೆ ಹಾಕಿಕೊಂಡಳು.

ಮಂಗಳವಾರ ಬೆಳಗ್ಗೆ ಒಂಬತ್ತೂವರೆಗೆ ಕೋಲಾರದಲ್ಲಿ ಇಳಿದರು. ಕ್ಲಿನಿಕ್ಕಿನ ಟೈಮು ಹನ್ನೊಂದು. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೋಗಿ ಅಮರನಾಥ್ ಎರಡು ಮಸಾಲೆ ದೋಸೆ ಹೇಳಿದ. ನಾಲ್ಕು ವರ್ಷದಲ್ಲಿ ಅವರಿಬ್ಬರೂ ಹೊರಗೆ ಜೊತೆಯಲ್ಲಿ ಕೂತು ತಿಂದದ್ದಿರಲಿಲ್ಲ. ದೋಸೆ ಬರುವ ತನಕ ಅವನು ಟೇಬಲ್ಲಿನ ಮೇಲೆ ಚೆಲ್ಲಿದ್ದ ನೀರನ್ನು ಬೆರಳಿನಿಂದ ಅತ್ತ ಇತ್ತ ಎಳೆದ. ಆಮೇಲೆ ತಲೆಯೆತ್ತದೆ ಮಾತು ಶುರುಮಾಡಿದ.

“ಅವತ್ತು ಆಸ್ಪತ್ರೇಲಿ ನೀನು ಬೆಡ್‌ಶೀಟು ಮಡಿಚಿದೆ.”

“ಯಾವತ್ತು?”

“ಹೋದ ದಿನ. ಎದ್ದು ನಿಂತ್ಕೊಳ್ಳೋಕೆ ಆಗ್ತಿರ್ಲಿಲ್ಲ ನಿಂಗೆ. ಆದ್ರೂ ರಕ್ತ ಆಗಿದ್ದು ಕಾಣದ ಹಂಗೆ ಒಳಗಡೆ ಹಾಕಿ, ಮಡಿಚಿ ಮಡಿಚಿ, ಆ ಆಯಮ್ಮನ ಕೈಗೆ ಕೊಟ್ಟೆ. ಕೊಟ್ಟು, ಬೇಜಾರು ಮಾಡ್ಕೋಬೇಡಮ್ಮ ಅಂದೆ ಅವಳಿಗೆ. ನಾನು ಬಾಗಿಲ ಹತ್ರ ನಿಂತಿದ್ದೆ. ಒಳಗೆ ಬರ್ಲಿಲ್ಲ.”

ವಾಣಿಶ್ರೀಗೆ ಬೆಡ್‌ಶೀಟಿನ ನೆನಪೇ ಇರಲಿಲ್ಲ. ಆ ದಿನದ್ದು ಅವಳಿಗೆ ನೆನಪಿದ್ದದ್ದು ಗೋಡೆಯ ಮೇಲಿದ್ದ ಗಡಿಯಾರ ನಿಂತಿತ್ತು ಎಂಬುದಷ್ಟೆ.

“ಇನ್ನೊಂದು ಸಲ ಮಾಡ್ಸು ಅಂತ ನನ್ ಬಾಯಲ್ಲಿ ಹೆಂಗೆ ಬರುತ್ತೆ ಹೇಳು,” ಎಂದ ಅಮರನಾಥ್. “ಆ ಸೂಜಿಗಳು. ದಿನಾ ಹೊಟ್ಟೆ ಮೇಲೆ. ನಂಗಾಗಲ್ಲ ವಾಣಿ. ನಂಗೆ ಬೇಡ.”

ಸಪ್ಲೈಯರು ದೋಸೆ ತಂದಿಟ್ಟು ಹೋದ. ಅವಳು ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಮತ್ತೆ ನಾಲ್ಕು ವರ್ಷ ದುಡ್ಡು ಕಟ್ಟಿದ್ರಲ್ಲ?”

“ನಿಂಗೆ ಬೇಕೇನೋ ಅಂತ. ನಿಲ್ಲಿಸಿಬಿಟ್ರೆ ನೀನು ಎಲ್ಲಿ…”

“ನಾನು ನಿಮಗೆ ಬೇಕು ಅಂದ್ಕೊಂಡಿದ್ದೆ. ಸಾಲ ತೀರಿದ್ಮೇಲೆ ಕೇಳ್ತೀರ ಅಂತ ಕಾಯ್ತಿದ್ದೆ.”

“ನಿಂಗೆ ಬೇಕಾ?”

ಅವಳು ಉತ್ತರ ಹುಡುಕಿದಳು. ಪ್ರಾಮಾಣಿಕವಾಗಿಯೇ ಹುಡುಕಿದಳು. ಎಲ್ಲಿ ಕೈಯಿಟ್ಟರೂ ಮರಗಟ್ಟಿದ ಕಾಲಿನ ಹಾಗೆ; ತನ್ನದು ಹೌದು, ಆದರೆ ಮುಟ್ಟಿದರೆ ತಿಳಿಯುವುದಿಲ್ಲ.

“ಗೊತ್ತಾಗ್ತಿಲ್ಲ ರೀ,” ಎಂದಳು. “ಬೇಕೋ ಬೇಡ್ವೋ, ಏನೂ ಗೊತ್ತಾಗ್ತಿಲ್ಲ. ಇದೊಂದೇ ಅಲ್ಲ. ಯಾವುದೂ ಗೊತ್ತಾಗ್ತಿಲ್ಲ. ತುಂಬಾ ದಿನದಿಂದ ಹಿಂಗೇ. ಶ್ವೇತನ ಮಗು ಎತ್ಕೊಂಡ್ರೂ ಅಷ್ಟೇ, ಮೂಟೆ ಎತ್ಕೊಂಡ್ರೂ ಅಷ್ಟೇ.”

“ನಂಗೂ ಹಂಗೇ ಐತೆ,” ಎಂದ ಅವನು. “ಕಂಬ ಹತ್ತಿದಾಗ ಮೊದ್ಲು ಭಯ ಆಗ್ತಿತ್ತು. ಈಗ ಅದೂ ಆಗಲ್ಲ.”

ಆ ಮಾತು ಕೇಳಿ ಅವಳು ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು. ಕಿವಿಯ ಮೇಲಿನ ಕೂದಲೆಲ್ಲ ಬೆಳ್ಳಗಾಗಿತ್ತು. ಯಾವಾಗ ಆಯಿತೋ ಗೊತ್ತಿರಲಿಲ್ಲ. ದಿನಾ ಎದುರಿಗೆ ಕೂತಿದ್ದ ಮನುಷ್ಯ.

“ಭಯ ಇಲ್ದೆ ಕಂಬ ಹತ್ಬೇಡಿ,” ಎಂದಳು.

ದೋಸೆ ಆರಿತ್ತು. ಇಬ್ಬರೂ ತಿಂದರು. ಅವಳು ಪೂರ್ತಿ ತಿಂದು, ತಟ್ಟೆಯಲ್ಲಿ ಉಳಿದಿದ್ದ ಚಟ್ನಿಯನ್ನೂ ಬಳಿದಳು. ಹಸಿವಾಗಿತ್ತೆಂದು ತಿಂದ ಮೇಲೆ ತಿಳಿಯಿತು.

ಕ್ಲಿನಿಕ್ಕಿನಲ್ಲಿ ಶೋಭಾರಾಣಿ ಎಂಬ ಕೌನ್ಸೆಲರು ಅವರನ್ನು ಒಳಗೆ ಕರೆದು ಕೂರಿಸಿದರು. ಐವತ್ತರ ಹೆಂಗಸು, ಮೆತ್ತಗಿನ ದನಿ. ಅವಸರವಿಲ್ಲ, ಬೇಕಾದರೆ ಇನ್ನೊಂದು ವರ್ಷ ಮುಂದುವರಿಸಿ ಯೋಚನೆ ಮಾಡಬಹುದು ಎಂದರು. ವಾಣಿಶ್ರೀ ಗಂಡನನ್ನು ನೋಡಿದಳು. ಅವನು ಅವಳನ್ನು ನೋಡಿದ. ಈ ಸಲ ಇಬ್ಬರೂ ಒಬ್ಬರ ಮೇಲೊಬ್ಬರು ಭಾರ ಹಾಕಲಿಲ್ಲ.

“ನಿಲ್ಲಿಸ್ತೀವಿ ಮೇಡಂ,” ಎಂದಳು ವಾಣಿಶ್ರೀ.

“ಇಬ್ರೂ ಒಪ್ಪೇ ಹೇಳ್ತಿದೀರಲ್ವಾ?”

“ಹೌದು ಮೇಡಂ,” ಎಂದ ಅಮರನಾಥ್.

ಫಾರಂ ನಾಲ್ಕು ಪುಟವಿತ್ತು. ಪ್ರತಿ ಪುಟಕ್ಕೂ ಇಬ್ಬರ ಸಹಿ. ಅಮರನಾಥ್ ಸರಸರನೆ ಹಾಕಿದ. ವಾಣಿಶ್ರೀ ಮೂರನೇ ಪುಟದಲ್ಲಿ ನಿಂತಳು.

“ಎರಡನ್ನೂ ಒಂದೇ ದಿನ ತೆಗೀತೀರಾ?”

ಶೋಭಾರಾಣಿ ಕಂಪ್ಯೂಟರಿನಲ್ಲಿ ನೋಡಿ ಹೇಳಿದರು. “ಒಂದೇ ದಿನಾನೇ ಅಮ್ಮ. ನಿಮ್ಮವೆರಡೂ ಒಂದೇ ಕೊಳವೇಲಿ ಇವೆ.”

“ಬೇರೆ ಬೇರೆ ಇಟ್ಟಿರ್ಲಿಲ್ವಾ?”

“ಇಲ್ಲ. ಮೊದಲಿಂದ್ಲೂ ಜೊತೇಲೇ ಇದಾವೆ.”

“ಸರಿ,” ಎಂದಳು. ಮೂರನೇ ಪುಟಕ್ಕೂ ನಾಲ್ಕನೇ ಪುಟಕ್ಕೂ ಸಹಿ ಹಾಕಿದಳು. ಕಣ್ಣು ಒಣಗಿಯೇ ಇತ್ತು. ಆದರೆ ಪೆನ್ನು ವಾಪಸು ಕೊಡುವಾಗ ಅದು ಜಾರಿ ಕೆಳಗೆ ಬಿತ್ತು. ಅಮರನಾಥ್ ಬಗ್ಗಿ ಎತ್ತಿಕೊಟ್ಟ. ಹೊರಗೆ ಬರುವಾಗ ಅವನ ಕೈ ಅವಳ ಬೆನ್ನ ಮೇಲಿತ್ತು. ರಸ್ತೆ ದಾಟಿದ ಮೇಲೂ ಅವನು ಅದನ್ನು ತೆಗೆಯಲಿಲ್ಲ.

ಶ್ರೀನಿವಾಸಪುರದ ಬಸ್ಸಿನಲ್ಲಿ ಸೀಟು ಸಿಕ್ಕಿತು. ಅರ್ಧ ದಾರಿಯಲ್ಲಿ ಅವನಿಗೆ ಆಫೀಸಿನಿಂದ ಫೋನು. ಗೌನಿಪಲ್ಲಿ ಕಡೆ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಜನ ಇಲ್ಲ, ರಜೆಯಾದರೂ ಬರಲೇಬೇಕು. ಊರಿನ ಸರ್ಕಲ್ಲಿನಲ್ಲಿ ಇಳಿದು ಇಲಾಖೆಯ ಜೀಪು ಹತ್ತುವ ಮುಂಚೆ ಅವನು ತಿರುಗಿ ನೋಡಿದ.

“ನಿಧಾನಕ್ಕೆ ಹತ್ತಿ,” ಎಂದಳು ವಾಣಿಶ್ರೀ.

ಮನೆಯ ಬಾಗಿಲಲ್ಲಿ ಗಿರಾಕಿಯೊಬ್ಬಳು ರವಿಕೆಗೆ ಕಾಯುತ್ತಿದ್ದಳು. ನಾಳೆ ಬಾಮ್ಮ ಎಂದು ಕಳಿಸಿದಳು. ಕೆಲಸವಿದ್ದೂ ಗಿರಾಕಿಯನ್ನು ವಾಪಸು ಕಳಿಸಿದ್ದು ಅದೇ ಮೊದಲು. ಸೀರೆಯನ್ನೂ ಬದಲಾಯಿಸದೆ ಚಾಪೆಯ ಮೇಲೆ ಮಲಗಿದಳು. ಹಗಲು ಹೊತ್ತು ಮಲಗಿ ಎಷ್ಟು ವರ್ಷವಾಗಿತ್ತೋ. ಹೊರಗೆ ಶ್ವೇತ ಮಗಳನ್ನು ಗದರಿಸುತ್ತಿದ್ದದ್ದು ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ಎಚ್ಚರವಾದಾಗ ಸಂಜೆ ಆರು ಗಂಟೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು. ಎದ್ದು ಹೋಗಿ ನೋಡಿದರೆ ಅಮರನಾಥ್ ಬನಿಯನ್ನಿನಲ್ಲೇ ನಿಂತು ಉಪ್ಪಿಟ್ಟು ಕೆದಕುತ್ತಿದ್ದ. ತೋಳಿಗೆಲ್ಲ ಟ್ರಾನ್ಸ್‌ಫಾರ್ಮರಿನ ಎಣ್ಣೆಯ ಕಪ್ಪು.

“ನೀನು ನಿದ್ದೆ ಮಾಡ್ತಿದ್ದೆ. ಎಬ್ಬಿಸ್ಲಿಲ್ಲ,” ಎಂದ.

“ಕರೆಂಟ್ ಬಂತಾ ಅವ್ರಿಗೆ?”

“ಬಂತು. ಬೇರೆ ಹಾಕಿದ್ವಿ.”

ಎರಡು ತಟ್ಟೆಗೆ ಹಾಕಿಕೊಂಡು ಬಂದು ಅವಳ ಪಕ್ಕದಲ್ಲೇ ಗೋಡೆಗೊರಗಿ ಕೂತ. ಅವಳು ಒಂದು ತುತ್ತು ತಿಂದಳು. ಅವನು ಅವಳ ಬಾಯನ್ನೇ ನೋಡುತ್ತಿದ್ದ.

“ಉಪ್ಪು ಸರಿ ಐತಾ?”

“ಸ್ವಲ್ಪ ಕಮ್ಮಿ.”

ಅವನು ಎದ್ದು ಹೋಗಿ ಉಪ್ಪಿನ ಡಬ್ಬಿ ತಂದ.